ಡಾಂಬರಿನ ಅಡಿಯ ಬೆಸುಗೆ

ಹೋದ ವಾರ ಮಧುಗಿರಿಯ ನಮ್ಮ ಬೀದಿಗೆ ಡಾಂಬರು ಹಾಕಲು ಬಂದಿದ್ದರು. ಡ್ರಮ್ಮಿನ ಕೆಳಗೆ ಸೌದೆ ಒಟ್ಟಿ ಡಾಂಬರು ಕಾಯಿಸುತ್ತಿದ್ದರು. ಹೊಗೆ ನಡುಮನೆಗೂ ನುಗ್ಗಿತು. ಸೊಸೆ ಕೆಮ್ಮುತ್ತಾ ಕಿಟಕಿ, ಬಾಗಿಲು ಎಲ್ಲವನ್ನೂ ಹಾಕಿಕೊಂಡಳು. ನಾನು ಮಾತ್ರ ಜಗಲಿಯ ಮೇಲೆ ಕೂತೇ ಇದ್ದೆ. ಆ ವಾಸನೆಯ ಬೆನ್ನಿಗೇ ಇನ್ನೊಂದು ವಾಸನೆ, ಮೂಗಿನೊಳಗೆ ಸೂಜಿ ಆಡಿಸಿದಂಥ ಆಸಿಡ್ಡಿನ ಹುಳಿ ವಾಸನೆ, ಅಲ್ಲೆಲ್ಲೂ ಇಲ್ಲದಿದ್ದರೂ ಬಂದ ಹಾಗಾಯಿತು. ಡಾಂಬರು, ಆಸಿಡ್ಡು ಎರಡೂ ಕೂಡಿದರೆ ನನಗೆ ನೆನಪಾಗುವವರು ಒಬ್ಬರೇ. ಶಿರಾದ ಬ್ಯಾಟರಿ ಸಾಹೇಬರು...

ಆಗ ನಾನು ಶಿರಾ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಅಂಬಾಸಿಡರ್ ಓಡಿಸುತ್ತಿದ್ದೆ. ಕೊರಟಗೆರೆ, ಪಾವಗಡ, ಬುಕ್ಕಾಪಟ್ಟಣ, ಕರೆದ ಕಡೆಗೆ ಹೋಗುವುದು. ಈಗಿನ ಕಾರುಗಳಂತಲ್ಲ ಅವು. ಎಂಜಿನ್ನಿನ ಪಕ್ಕದಲ್ಲಿ ಡೈನಮೊ ಅಂತ ಒಂದು ಉರುಟು ಯಂತ್ರ ಇರುತ್ತಿತ್ತು. ಕಾರು ಜೋರಾಗಿ ಓಡುವಾಗ ಅದು ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುತ್ತಿತ್ತು. ಕಾರು ನಿಧಾನವಾಯಿತೋ, ಡೈನಮೊ ನಿದ್ದೆಗೆ ಜಾರುತ್ತಿತ್ತು. ಆಗ ಎಂಜಿನ್ನು ಆರದಂತೆ ನೋಡಿಕೊಳ್ಳುವ ಕೆಲಸ ಬ್ಯಾಟರಿಯದು. ಒಂದು ದುಡಿದು ತರುವ ಗಂಡಸಾದರೆ ಇನ್ನೊಂದು ಕೂಡಿಟ್ಟು ಸಂಸಾರ ನಡೆಸುವ ಹೆಂಗಸು ಅಂತ ನಾವು ಡ್ರೈವರುಗಳು ಆಡಿಕೊಳ್ಳುತ್ತಿದ್ದೆವು.

ಆ ಬ್ಯಾಟರಿಗಳೋ, ಗಟ್ಟಿ ರಬ್ಬರಿನ ಕರಿ ಪೆಟ್ಟಿಗೆಗಳು. ಒಳಗೆ ಆರು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಮೇಲುಗಡೆ ಸೀಸದ ಪಟ್ಟಿ ಇಟ್ಟು ಬೆಸೆದಿರುತ್ತಿದ್ದರು. ಅದರ ಮೇಲೆ ಡಾಂಬರು ಹುಯ್ದು ಮುಚ್ಚುತ್ತಿದ್ದರು. ಹಾಳಾದರೆ ಎಸೆಯುವ ಮಾತೇ ಇಲ್ಲ, ಸಾಹೇಬರ ಹತ್ತಿರ ಒಯ್ಯುವುದು. ಅವರು ಡಾಂಬರು ಕರಗಿಸಿ, ಮನೆಗಳೊಳಗಿನ ಸವೆದ ಸೀಸದ ಪ್ಲೇಟು ಕಿತ್ತು, ಹೊಸವನ್ನಿಟ್ಟು, ಸೀಸ ಬೆಸೆದು, ಮತ್ತೆ ಡಾಂಬರು ಹುಯ್ದು ಕೊಡುತ್ತಿದ್ದರು. ಕೊಟ್ಟ ಮೇಲೂ ಅದು ಅವರದೇ. ದಾರಿಯಲ್ಲಿ ಸಿಕ್ಕಾಗ ನಮ್ಮ ಹೆಂಡತಿ ಮಕ್ಕಳ ಕ್ಷೇಮ ಕೇಳುತ್ತಿರಲಿಲ್ಲ. “ನನ್ನ ಬ್ಯಾಟ್ರಿ ಹೆಂಗಿದೆ? ನೀರು ಹಾಕಿದ್ಯಾ?” ಅನ್ನುತ್ತಿದ್ದರು. ನೀರು ಹಾಕಿಲ್ಲ ಅಂದರೆ ನಡುರಸ್ತೆಯಲ್ಲೇ ಬೈಗುಳ.

ಎತ್ತರದ ಆಳು. ಲುಂಗಿಯ ತುಂಬ ಆಸಿಡ್ ತಿಂದ ತೂತು. ಕೋಪ ಮೂಗಿನ ತುದಿಯಲ್ಲಿ. ತಮ್ಮ ಕೆಲಸದ ಬಗ್ಗೆ ಜಂಬ ಅಂದರೆ ಜಂಬವೇ. ತುಮಕೂರಿನಿಂದ ಆಚೆ ಚಿತ್ರದುರ್ಗದವರೆಗೆ ತಮ್ಮಂಥ ಬೆಸುಗೆ ಹಾಕುವವನಿಲ್ಲ ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ನಾವೂ ಹೌದೆನ್ನುತ್ತಿದ್ದೆವು.

ಅವರ ಅಂಗಡಿಯ ಎದುರಿಗೇ, ಹೆದ್ದಾರಿಯ ಆಚೆ ಮಗ್ಗುಲಿಗೆ, ಸುಟ್ಟ ಡೈನಮೊಗಳಿಗೆ ಹೊಸ ತಂತಿ ಸುತ್ತುವವನ ಅಂಗಡಿ. ಪಾವಗಡದ ಕಡೆಯವನು, ನನ್ನ ಓರಗೆಯವನು. ಮೊದಲು ಸಾಹೇಬರ ಶೆಡ್ಡಿನಲ್ಲೇ ಒಂದು ಮೂಲೆ ಹಿಡಿದು ಕೆಲಸ ಮಾಡಿಕೊಂಡಿದ್ದ. ಯಾವುದೋ ಮಾತಿಗೆ ಮಾತು ಬೆಳೆದು ಎದುರಿಗೆ ಹೋಗಿ ಬೋರ್ಡು ಹಾಕಿಕೊಂಡ. ಬರೀ ಡೈನಮೊ ಅಲ್ಲ, ಬ್ಯಾಟರಿ ಚಾರ್ಜಿಗೂ ಹಾಕಿಕೊಳ್ಳಲು ಶುರು ಮಾಡಿದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಸಾಹೇಬರ ಬಾಯಲ್ಲಿ ಅವನು ಬರೀ “ಎದುರುಗಡೆಯವನು”. ಯಾರ ಗಾಡಿ ಕೆಟ್ಟು ನಿಂತರೂ ಇವರು ಡೈನಮೊ ಕಡೆ ಕೈ ತೋರಿಸುವರು, ಅವನು ಬ್ಯಾಟರಿ ಕಡೆ. ನಾವು ನಡುವೆ ರಸ್ತೆ ದಾಟುತ್ತಾ ಓಡಾಡುವುದು.

ಆ ವರ್ಷ ನನ್ನ ಡೈನಮೊ ಸುಟ್ಟುಹೋಗಿ ಪಾವಗಡದವನ ಕೈಲಿ ಸುತ್ತಿಸಿದೆ. ಸ್ವಲ್ಪ ದಿನಕ್ಕೆ ಬ್ಯಾಟರಿಯೂ ಕೈಕೊಟ್ಟಿತು. ಸಾಹೇಬರು ಹೊಸ ಪ್ಲೇಟು ಹಾಕಿ ಕಟ್ಟಿಕೊಟ್ಟರು. ಕಡಲೇಕಾಯಿ ಕೀಳುವ ಕಾಲ, ಊರಿನ ತುಂಬ ಲಾರಿಗಳು, ಅವರ ಅಂಗಡಿಯ ಮುಂದೆ ಬ್ಯಾಟರಿಗಳ ಸಾಲು.

ಹಾಗಿರುವಾಗ ಒಂದು ಬೆಳಗ್ಗೆ ಬುಕ್ಕಾಪಟ್ಟಣಕ್ಕೆ ಬಾಡಿಗೆ ಹೋಗಿ ಖಾಲಿ ಬರುತ್ತಿದ್ದೆ. ಕುರುಚಲು ಕಾಡಿನ ಅಂಚಿನಲ್ಲಿ ಒಬ್ಬ ಹುಡುಗ ಅನ್ನಬಹುದಾದ ಪ್ರಾಯದ ಗಂಡಸು ಕಂಬಳಿ ಬೀಸುತ್ತಾ ರಸ್ತೆಗೆ ಅಡ್ಡ ಬಂದ.

“ಅಣ್ಣಾ, ನಮ್ಮಕ್ಕುಂಗೆ ಹುಳ ಮುಟ್ಟೈತೆ. ಬಾರಣ್ಣಾ, ಬೇಗ ಬಾ!”

ನಮ್ಮ ಕಡೆ ಹಾವು ಕಚ್ಚಿತು ಅನ್ನುವುದಿಲ್ಲ, ಹುಳ ಮುಟ್ಟಿತು ಅನ್ನುತ್ತಾರೆ. ರಸ್ತೆಯಿಂದ ಕೊಂಚ ಒಳಗೆ ಕುರಿ ಸಾಕುವವರ ಹಟ್ಟಿ. ಬೇಲಿಯ ಮುಂದೆ ಕಾರು ನಿಲ್ಲಿಸಿ ಎಂಜಿನ್ ಆರಿಸಿ ಇಳಿದೆ. ಕಡಲೇಕಾಯಿ ಬಳ್ಳಿ ಕೀಳುವಾಗ ಕೈಗೆ ಕಚ್ಚಿತ್ತಂತೆ. ಮೊಳಕೈ ಮೇಲೆ ಬಟ್ಟೆ ಬಿಗಿದಿದ್ದರು. ಆ ಹೆಂಗಸಿಗೆ ಎಚ್ಚರವಿತ್ತು, ಮಾತೂ ಆಡಿದಳು. ಅವಳ ತಾಯಿಗೆ “ಮಗೀಗೆ ಗಂಜಿ ಕುಡ್ಸವ್ವ” ಅಂದದ್ದು ನನ್ನ ಕಿವಿಗೆ ಬಿತ್ತು. ತಮ್ಮ ಅವಳನ್ನು ಎತ್ತಿ ಹಿಂದಿನ ಸೀಟಿಗೆ ತಂದ. ನಾನು ಕೀ ತಿರುಗಿಸಿದೆ. ಕಟಕ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಇನ್ನೊಂದು ಸಲ ತಿರುಗಿಸಿದಾಗ ಎಂಜಿನ್ ಎದ್ದಿತು. ಅಬ್ಬಾ ಅಂದುಕೊಂಡು ಹೊರಟೆ.

ಶಿರಾ ದೂರವೇನಲ್ಲ. ಕಾರು ಚೆನ್ನಾಗಿಯೇ ಓಡುತ್ತಿತ್ತು. ಕನ್ನಡಿಯಲ್ಲಿ ನೋಡುತ್ತಿದ್ದೆ. ಅವಳ ರೆಪ್ಪೆಗಳು ತಾವಾಗಿಯೇ ಜೋಲುತ್ತಿದ್ದವು. ತಮ್ಮ ಅವಳ ಕೆನ್ನೆ ತಟ್ಟುತ್ತಿದ್ದ.

“ಕಣ್ಮುಚ್ಚಬ್ಯಾಡ ಕಣಕ್ಕಾ. ಅಕೋ, ಗುಡ್ಡ ನೋಡು. ಇನ್ನೇನ್ ಬಂದ್ಬುಡ್ತು.”

ಮುಂದೆ ಒಂದು ಹಳ್ಳ ರಸ್ತೆಗೆ ಅಡ್ಡ ಬರುತ್ತದೆ. ನೀರಿಲ್ಲ, ಬರೀ ಮರಳು. ಅಲ್ಲಿಗೆ ಇಳಿಯುವ ಹೊತ್ತಿಗೆ ಮೇಕೆಗಳ ಹಿಂಡು ಅಡ್ಡ ಬಂತು. ಬ್ರೇಕು ಒತ್ತಿ ಹಾರ್ನ್ ಹೊಡೆದೆ. ಹಾರ್ನ್ ಕೂಗಲಿಲ್ಲ. ಮತ್ತೆ ಒತ್ತಿದೆ, ಕೂಗಲಿಲ್ಲ. ಅಷ್ಟರಲ್ಲಿ ಎಂಜಿನ್ ದೀಪ ಊದಿದ ಹಾಗೆ ಆರಿಹೋಯಿತು. ಮೇಕೆಗಳ ಕೊರಳ ಗಂಟೆ ಬಿಟ್ಟರೆ ಬೇರೆ ಸದ್ದೇ ಇಲ್ಲ...

ಕೀ ತಿರುಗಿಸಿದೆ. ಕಟಕ್ ಅನ್ನುವ ಸದ್ದೂ ಬರಲಿಲ್ಲ. ಇಳಿದು ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸಿದೆ, ತಿರುಗಿಸಿದೆ, ಅಂಗೈ ಕಿತ್ತುಬಂತು. ಮೇಕೆಯವನನ್ನೂ ಕರೆದು ತಳ್ಳಿದೆವು. ಮರಳಿನಲ್ಲಿ ಚಕ್ರ ಹೂತುಕೊಂಡಿತೇ ಹೊರತು ಕಾರು ವೇಗ ಹಿಡಿಯಲಿಲ್ಲ. ಅವಳ ತಮ್ಮ ನನ್ನ ಅಂಗಿ ಹಿಡಿದು ಅಲುಗಿಸಿದ. “ಏನಾರಾ ಮಾಡಣ್ಣಾ!” ನಾನು ಏನು ಮಾಡಲಿ? ಬಾನೆಟ್ ಎತ್ತಿ ಕಂಡ ಕಂಡ ವೈರು ಎಳೆದು ನೋಡಿದೆ. ಮೇಕೆಯವನು ಓಡಿಹೋಗಿ ಎತ್ತಿನ ಗಾಡಿ ಹೊಡೆಸಿಕೊಂಡು ಬಂದ. ಗಾಡಿಯಲ್ಲಿ ಮಲಗಿಸಿಕೊಂಡು ಹೋಗುತ್ತಿರುವಾಗ ಎದುರಿಗೆ ಬಂದ ಬಸ್ಸಿನವನು ನಮ್ಮನ್ನು ನೋಡಿ ಬಸ್ಸನ್ನೇ ತಿರುಗಿಸಿದ. ಬಸ್ಸಿನಲ್ಲಿ ತಮ್ಮ ಕರೆಯುತ್ತಲೇ ಇದ್ದ. ಅವಳು ಕಣ್ಣು ಬಿಡಲಿಲ್ಲ. ಆಸ್ಪತ್ರೆಯ ಜಗಲಿಯ ಮೇಲೆ ಇಳಿಸಿದಾಗ ಡಾಕ್ಟರು ಕೈ ನೋಡಿ, ಕಣ್ಣು ನೋಡಿ, ಸ್ಟೆತಾಸ್ಕೋಪು ಇಟ್ಟು, ಬಹಳ ಮೆಲ್ಲಗೆ ಅಂದರು: “ಇನ್ನೊಂಚೂರು ಮುಂಚೆ ತಂದಿದ್ದರೆ ನೋಡಬಹುದಿತ್ತು.”

ಆ ಮಾತು ತಮ್ಮನ ತಲೆಯೊಳಗೆ ಮೊಳೆಯ ಹಾಗೆ ಕೂತುಬಿಟ್ಟಿತು. ನನ್ನ ತಲೆಯೊಳಗೂ.

ಮಣ್ಣು ಮಾಡಿದ ಮರುದಿನ ಬೆಳಗ್ಗೆಯೇ ಅವನು ಹಟ್ಟಿಯ ಗಂಡಸರನ್ನು ಕರೆದುಕೊಂಡು ಸ್ಟ್ಯಾಂಡಿಗೆ ಬಂದ. ಕೈಯಲ್ಲಿ ಏನೂ ಇರಲಿಲ್ಲ, ಕೂಗಾಟವೂ ಇಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು. “ಯಾರ ತೆಪ್ಪು ಅಂತ ನಮ್ಗೆ ಗೊತ್ತಾಗ್ಬೇಕು. ಅಷ್ಟೇಯ” ಅಂದ. ಬ್ಯಾಟರಿ ಸಾಹೇಬರದು, ಡೈನಮೊ ಪಾವಗಡದವನದು, ಎರಡೂ ಹೊಸದಾಗಿ ಮಾಡಿಸಿದ್ದು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಳ್ಳದಲ್ಲೇ ಬಿಟ್ಟಿದ್ದ ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿ ತಂದು ಸಾಹೇಬರ ಅಂಗಡಿಯ ಮುಂದೆ ನಿಲ್ಲಿಸಿದೆವು. ಹೆದ್ದಾರಿಯ ಜನವೆಲ್ಲ ಸುತ್ತ ಕೂಡಿತು. ಎದುರಿನ ಅಂಗಡಿಯ ಬಾಗಿಲಲ್ಲಿ ಪಾವಗಡದವನು ನಿಂತು ನೋಡುತ್ತಿದ್ದ.

ಸಾಹೇಬರಿಗೆ ವಿಷಯ ಆಗಲೇ ಮುಟ್ಟಿತ್ತು. ಬ್ಯಾಟರಿ ಇಳಿಸಿ ಕಟ್ಟೆಯ ಮೇಲಿಟ್ಟರು. ಗೋಡೆಗೆ ನೇತುಹಾಕಿದ್ದ ಮೀಟರು ತಂದರು. ಮೀಟರು ಅಂದರೆ ಗಾಜಿನ ಕೊಳವೆ, ಮೇಲೆ ರಬ್ಬರಿನ ಬುರುಡೆ. ಬುರುಡೆ ಹಿಸುಕಿ ಬಿಟ್ಟರೆ ಬ್ಯಾಟರಿಯ ಆಸಿಡ್ಡು ಮೇಲಕ್ಕೇರುತ್ತದೆ. ಒಳಗಿನ ತೇಲುಗಡ್ಡಿ ಮೇಲೆದ್ದರೆ ಬ್ಯಾಟರಿ ತುಂಬಿದೆ, ಮುಳುಗಿದರೆ ಖಾಲಿ. ಓದು ಬಾರದವರಿಗೂ ಗೊತ್ತಾಗುವಂಥದ್ದು.

ಒಂದನೇ ಮನೆಯಲ್ಲಿ ಕಡ್ಡಿ ಮೇಲೆದ್ದಿತು. ಎರಡನೆಯದರಲ್ಲೂ ಎದ್ದಿತು. ಜನ ಬಗ್ಗಿ ನೋಡುತ್ತಿದ್ದರು. ಕೊನೆಯ ಮನೆಯವರೆಗೂ ಹಾಗೆಯೇ.

“ತುಂಬಿದೆ” ಅಂದರು ಸಾಹೇಬರು.

“ಅಂಗಾರೆ ಬ್ಯಾಟ್ರಿ ಸರಿಯಾಗೈತೆ” ಅಂತ ಯಾರೋ ಕೂಗಿದರು. ಗುಂಪು ಒಟ್ಟಿಗೆ ತಿರುಗಿತು. ಯಾರು ಮೊದಲು ರಸ್ತೆ ದಾಟಿದರೋ ಕಾಣಲಿಲ್ಲ. ಪಾವಗಡದವನನ್ನು ತೋಳು ಹಿಡಿದು ಎಳೆದುಕೊಂಡೇ ಬಂದರು. ಅವನ ಚಪ್ಪಲಿ ಒಂದು ರಸ್ತೆಯ ಮಧ್ಯದಲ್ಲೇ ಉಳಿಯಿತು. ಹೆದರಿಕೆಗೆ ಅವನಿಗೆ ಅರ್ಧ ಕನ್ನಡ ಮರೆತುಹೋಯಿತು. “ನೇನೇಮೀ ಚೇಯಲೇದನ್ನಾ... ನಾನೇನೂ ಮಾಡಿಲ್ಲ ಅಣ್ಣಾ, ಡೈನಮೊ ಬಾಗುಂದಿ, ಚೆನ್ನಾಗೈತೆ” ಅಂತ ತೆಲುಗು, ಕನ್ನಡ ಎರಡನ್ನೂ ಕಲಸಿ ಬಡಬಡಿಸುತ್ತಿದ್ದ. ಹಿಂದಿನಿಂದ ಯಾರೋ ಅವನ ತಲೆಗೆ ಒಂದು ಬಿಟ್ಟರು.

ನಾನು ಸಾಹೇಬರ ಕಡೆ ನೋಡಿದೆ. ಅವರು ಬ್ಯಾಟರಿಯ ಮುಂದೆ ಕುಕ್ಕರಗಾಲಲ್ಲೇ ಕೂತಿದ್ದರು. ಕೈಲಿದ್ದ ಮೀಟರಿನಿಂದ ಆಸಿಡ್ಡು ಲುಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಅದರ ಪರಿವೆಯೇ ಅವರಿಗಿರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದರೋ... ನನಗಂತೂ ಬಹಳ ಹೊತ್ತು ಅನ್ನಿಸಿತು.

“ಅವನನ್ನ ಬಿಡಿ” ಅಂದರು.

ಯಾರಿಗೂ ಕೇಳಿಸಲಿಲ್ಲ. ಎದ್ದು ನಿಂತು ಗದರಿದರು. “ಅವನನ್ನ ಬಿಡ್ರೋ! ಬ್ಯಾಟ್ರಿ ತುಂಬಿದೆ ಅಂದ್ರೆ ತುಂಬಿಸಿದ್ದು ಯಾರು? ಅವನ ಡೈನಮೊ ತಾನೆ? ಹೊಟ್ಟೆ ತುಂಬಿದೆ ಅಂದ ಮೇಲೆ ಊಟ ಬಡಿಸಿದೋನ ತಪ್ಪು ಹೆಂಗಾಗುತ್ತೆ?”

ಪಾವಗಡದವನ ತೋಳು ಹಿಡಿದಿದ್ದವರು ಕೈ ಬಿಟ್ಟರು. ಆಮೇಲೆ ಸತ್ತವಳ ತಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದ. “ಬ್ಯಾಟ್ರಿ ಸರಿಯಾಗೈತೆ, ಡೈನಮೊ ಸರಿಯಾಗೈತೆ. ಅಂಗಾರೆ ನೀನ್ಯಾಕಣ್ಣ ನಿಲ್ಸ್ದೆ?”

ಅವನ ಹಿಂದಿದ್ದವನೊಬ್ಬ ಕಾರಿನಲ್ಲಿ ಬಿದ್ದಿದ್ದ ಕಬ್ಬಿಣದ ಹ್ಯಾಂಡಲ್ ಕೈಗೆ ತೆಗೆದುಕೊಂಡದ್ದು ಕಂಡಿತು. ಬೇಕಂತ ಯಾರಾದರೂ ನಿಲ್ಲಿಸುತ್ತಾರೇನಪ್ಪ ಅನ್ನುತ್ತಾ ಹಿಂದೆ ಸರಿದೆ.

ಸಾಹೇಬರು ನಮ್ಮಿಬ್ಬರ ನಡುವೆ ಬಂದು ನಿಂತರು. “ಲೇ ಡ್ರೈವರ್, ಹಾರ್ನ್ ಹೊಡೆದೆ ಅಂದ್ಯಂತಲ್ಲ. ಕೂಗ್ತಾ?”

“ಇಲ್ಲ ಸಾಹೇಬ್ರೆ.”

“ಎಂಜಿನ್ ನಿಂತ ಮೇಲೆ ಹೊಡೆದ್ಯೋ, ನಿಲ್ಲೋಕೆ ಮುಂಚೆಯೋ?”

“ಮುಂಚೆ. ಬ್ರೇಕ್ ಹಾಕಿ ನಿಧಾನ ಮಾಡ್ದೆ, ಹಾರ್ನ್ ಕೂಗಲಿಲ್ಲ. ಆಮೇಲೆ ಎಂಜಿನ್ ನಿಂತ್ಹೋಯ್ತು.”

ಅವರು ಕಣ್ಣು ಮುಚ್ಚಿಕೊಂಡರು. ಅವರಿಗೆ ತಿಳಿದುಹೋದದ್ದು ಆಗಲೇ ಅಂತ ನನಗೆ ಈಗ ಅನ್ನಿಸುತ್ತದೆ. ಡೈನಮೊ ನಿದ್ದೆಗೆ ಜಾರಿದ ಗಳಿಗೆಯಲ್ಲಿ ತುಂಬಿದ ಬ್ಯಾಟರಿ ಕೈ ಚಾಚಲಿಲ್ಲ ಅಂದರೆ, ಬ್ಯಾಟರಿಯ ಒಳಗೇ ಎಲ್ಲೋ ದಾರಿ ಕಡಿದಿದೆ ಅಂತ ಅರ್ಥ. ಅದನ್ನು ಆ ಗುಂಪಿನಲ್ಲಿ ಬಲ್ಲವರು ಇಬ್ಬರೇ. ಒಬ್ಬ ತಲೆ ಹಿಡಿದುಕೊಂಡು ಕೂತಿದ್ದ. ಇನ್ನೊಬ್ಬರು ಸಾಹೇಬರು.

“ಬ್ಯಾಟ್ರಿ ಮತ್ತೆ ಗಾಡಿಗೆ ಇಡು” ಅಂದರು. “ಇನ್ನೊಂದು ಪರೀಕ್ಷೆ ಇದೆ. ಮೀಟರಿಗೆ ಹೊಟ್ಟೆ ಗೊತ್ತಾಗುತ್ತೆ. ತಾಕತ್ತು ಗೊತ್ತಾಗಲ್ಲ.”

ಬೀಡಿ ಆರಿಸಿ, ದೂರ ನಿಲ್ಲಿ ಅಂತ ಎಲ್ಲರನ್ನೂ ಹಿಂದೆ ಸರಿಸಿದರು. ನಾನು ಬ್ಯಾಟರಿ ಕೂರಿಸಿ ವೈರು ಬಿಗಿದೆ. ಅವರು ಬಾನೆಟ್ಟಿನ ಮೇಲೆ ಬಗ್ಗಿ ನಿಂತು, “ಕೀ ತಿರುಗಿಸು. ನಾನು ಹೇಳೋ ತನಕ ಬಿಡಬೇಡ” ಅಂದರು. ತಿರುಗಿಸಿದೆ. ಕಟಕ್. ಹಿಡಿದೇ ಇದ್ದೆ. ಗಾಜಿನ ಆಚೆ ಜನರ ಮುಖಗಳು ಒಂದೊಂದಾಗಿ ಬದಲಾಗುವುದು ಕಂಡಿತು. ಬ್ಯಾಟರಿಯ ಮೇಲಿನ ಡಾಂಬರಿನ ನಡುವಿನಿಂದ ದಾರದಷ್ಟು ತೆಳುವಾದ ಹೊಗೆ ಎದ್ದಿತ್ತು.

“ಬಿಡು.”

ಅವರು ಉಳಿ ತಂದು ಹೊಗೆ ಬಂದ ಕಡೆ ಡಾಂಬರು ಕೆತ್ತಿದರು. ಅಡಿಯಲ್ಲಿ ಸೀಸದ ಪಟ್ಟಿ ಕಂಡಿತು. ಬೆರಳಿಟ್ಟು ಮೆಲ್ಲಗೆ ಒತ್ತಿದರು. ಉದುರಲಿರುವ ಹಾಲುಹಲ್ಲಿನ ಹಾಗೆ ಅಲುಗಿತು. ಸತ್ತವಳ ತಮ್ಮನನ್ನು ಹತ್ತಿರ ಕರೆದು, ಅವನ ಕೈ ಹಿಡಿದು, ಅವನ ಬೆರಳನ್ನೂ ಅದರ ಮೇಲೆ ಇಡಿಸಿದರು.

“ಈ ಬೆಸುಗೆ ನಂದು” ಅಂದರು. “ಅವತ್ತು ಅಂಗಡಿ ತುಂಬ ಕೆಲಸ ಇತ್ತು, ಆತುರ ಮಾಡ್ದೆ. ಸೀಸ ಮೇಲ್ಮೇಲೆ ಕರಗಿದೆ, ಒಳಗೆ ಹಿಡಿದಿಲ್ಲ. ನೋಡದೆ ಡಾಂಬರು ಹುಯ್ದು ಮುಚ್ಚಿಬಿಟ್ಟೆ. ಎದುರುಗಡೆಯವನದಲ್ಲ, ಡ್ರೈವರದಲ್ಲ. ನಂದು.”

ತಮ್ಮ ಆ ಪಟ್ಟಿಯನ್ನೇ ನೋಡುತ್ತಿದ್ದ. ಆಮೇಲೆ ಏನಾಯಿತೋ, ಪಕ್ಕದವನ ಕೈಲಿದ್ದ ಹ್ಯಾಂಡಲ್ ಕಿತ್ತುಕೊಂಡು ಎತ್ತಿದ. ಸಾಹೇಬರು ಹಿಂದೆ ಸರಿಯಲಿಲ್ಲ, ಕೈ ಅಡ್ಡ ತರಲಿಲ್ಲ. ಎತ್ತಿದ ಕೈಗೆ ಜೋತುಬಿದ್ದವನು ಪಾವಗಡದವನು. ಕಾಲಲ್ಲಿ ಒಂದೇ ಚಪ್ಪಲಿ. “ವದ್ದು ತಮ್ಮಾ, ಬೇಡ ತಮ್ಮಾ” ಅನ್ನುತ್ತಾ ನೇತಾಡುತ್ತಿದ್ದ. ಹ್ಯಾಂಡಲ್ ಕೆಳಗೆ ಬಿತ್ತು. ಆ ತಮ್ಮ ಕಾರಿನ ಚಕ್ರಕ್ಕೆ ಒರಗಿ ಕೂತು ಅಳತೊಡಗಿದ. ಅಕ್ಕ ಸತ್ತಾಗಿನಿಂದ ಅವನು ಅತ್ತಿರಲಿಲ್ಲವಂತೆ. ಜೊತೆಯವರು ಆಮೇಲೆ ಹೇಳಿದರು.

ಅಲ್ಲಿಗೆ ಮುಗಿಯಬಹುದಿತ್ತು. ಸಾಹೇಬರು ಅಂಗಡಿಯ ಬಾಗಿಲು ಎಳೆದು, “ಅವರ ತಾಯಿ ಇದ್ದಾರಲ್ಲ, ಅವರಿಗೂ ನಾನೇ ಹೇಳಬೇಕು” ಅಂದರು. ಹಟ್ಟಿಯವರು ಬೇಡವೆಂದರು. ಅವರು ಕೇಳಲಿಲ್ಲ. ಪಾವಗಡದವನು ತನ್ನ ಅಂಗಡಿಯಿಂದ ಒಂದು ಬ್ಯಾಟರಿ ತಂದು, ನನ್ನ ಕಾರಿಗೆ ಹಾಕಿದ. ನಾನು ಸಾಹೇಬರನ್ನೂ ತಮ್ಮನನ್ನೂ ಕೂರಿಸಿಕೊಂಡು ಹೊರಟೆ. ಹಳ್ಳ ಬಂದಾಗ ಕಾರು ನಿಧಾನ ಮಾಡದೆ ದಾಟಿಸಿದೆ.

ಹಟ್ಟಿಯ ಬೇಲಿಯ ಬಳಿ ಆ ತಾಯಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು. ಸಾಹೇಬರು ಚಪ್ಪಲಿ ಬಿಟ್ಟು, ಬೇಲಿಯ ಈಚೆಯೇ ನಿಂತು, ಶಿರಾದಲ್ಲಿ ಹೇಳಿದ್ದನ್ನೇ ಹೇಳಿದರು. ಬೆಸುಗೆ, ಸೀಸ ಅಂದರೆ ಆಕೆಗೆ ಎಷ್ಟು ತಿಳಿಯಿತೋ. ಕೊನೆಗೆ ಕೇಳಿದಳು:

“ನಿಂಗೂ ಹೆಣ್ಮಕ್ಳವ್ರೇನಪ್ಪ?”

“ಒಬ್ಬಳಿದ್ದಾಳೆ ತಾಯಿ.”

“ಅಂಗಾರೆ ಮನೆಗೋಗು. ಒತ್ತು ಮುಳುಗಕ್ ಮುಂಚೆ ಅವ್ಳ ಮಕ ನೋಡು.” ಆಕೆ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. “ನಿನ್ ಮ್ಯಾಲೆ ಸಿಟ್ಟಿಲ್ಲ ಅಂತ ಯೋಳಕ್ಕಾಗಕಿಲ್ಲ ನನ್ ಕೈಲಿ. ಐತೆ. ಆದ್ರೂ ನೀನೇ ಬಂದು ಯೋಳ್ದೆ. ಇನ್ ಈ ಕಡೀಕ್ ಬರಬ್ಯಾಡ.”

ಅವರು ತಲೆ ತಗ್ಗಿಸಿ ಕೈ ಮುಗಿದರು. ವಾಪಸು ಕರೆತಂದು ಅವರ ಮನೆಯ ಗಲ್ಲಿಯಲ್ಲಿ ಇಳಿಸಿದೆ. ಹೊತ್ತು ಇನ್ನೂ ಮುಳುಗಿರಲಿಲ್ಲ.

ಅಂಗಡಿ ಬಹಳ ದಿನ ಮುಚ್ಚಿತ್ತು. ಮತ್ತೆ ತೆರೆದಾಗ ಗಿರಾಕಿಗಳು ಬರಲಿಲ್ಲ. ಲೋಕ ಹಾಗೆಯೇ. ತಪ್ಪು ಮುಚ್ಚಿಟ್ಟವನ ಅಂಗಡಿಗೆ ಹೋಗುತ್ತಾರೆ, ಒಪ್ಪಿಕೊಂಡವನ ಅಂಗಡಿಗೆ ಹೆದರುತ್ತಾರೆ. “ಅವರೇ ಬಾಯ್ಬಿಟ್ಟು ಒಪ್ಕಂಡವ್ರೆ, ನಾವ್ಯಾಕ್ ಹೋಗಾನ” ಅಂತ ಸ್ಟ್ಯಾಂಡಿನಲ್ಲೇ ಮಾತಾಡಿಕೊಳ್ಳುತ್ತಿದ್ದರು. ಸಾಹೇಬರು ಖಾಲಿ ಕಟ್ಟೆಯ ಮೇಲೆ ಕೂತು ಹೆದ್ದಾರಿ ನೋಡುತ್ತಿರುತ್ತಿದ್ದರು. ಸೀಸ ಕರಗಿಸಲು ಹೋದರೆ ಕೈ ನಡುಗುತ್ತಿತ್ತಂತೆ.

ಒಂದು ಬೆಳಗ್ಗೆ ಪಾವಗಡದವನು ರಸ್ತೆ ದಾಟಿ ಬಂದು, ತನ್ನ ಬಳಿ ಚಾರ್ಜಿಗೆ ಬಂದಿದ್ದ ಬ್ಯಾಟರಿಯೊಂದನ್ನು ಅವರ ಕಾಲ ಬಳಿ ಇಟ್ಟ. “ನೀವು ನೋಡಿ ಹೇಳಿ, ಬೆಸುಗೆ ನಾನು ಹಾಕ್ತೀನಿ” ಅಂದ.

“ನಿನಗೆ ಬೆಸುಗೆ ಬರುತ್ತೇನೋ?” ಅಂದರು ಸಾಹೇಬರು.

“ಬರಲ್ಲ. ಬೈದು ಕಲಿಸಿ.”

ಬೈದೇ ಕಲಿಸಿದರು. ಆ ಬೈಗುಳ ಮತ್ತೆ ಕೇಳಿಸಿದಾಗ ಸುತ್ತಲಿನ ಅಂಗಡಿಯವರೆಲ್ಲ ತಲೆ ಎತ್ತಿ ನೋಡಿದ್ದು ನನಗೆ ನೆನಪಿದೆ.

ಅಂದಿನಿಂದ ಅವರು ಒಂದು ಕಟ್ಟುಪಾಡು ಮಾಡಿಕೊಂಡರು. ಕಟ್ಟಿದ ಬ್ಯಾಟರಿ ಯಾವುದೇ ಇರಲಿ, ನನ್ನ ಕಾರಿಗೆ ಹಾಕಿ ರಸ್ತೆಗೆ ಕಳಿಸದೆ ಗಿರಾಕಿಯ ಕೈಗೆ ಕೊಡುತ್ತಿರಲಿಲ್ಲ. ಪಾವಗಡದವನು ಬಾನೆಟ್ಟಿನಿಂದ ವೈರು ಎಳೆದು ತಂದು, ಕರೆಂಟು ಅಳೆಯುವ ಇನ್ನೊಂದು ಮೀಟರಿನ ಮುಳ್ಳು ನೋಡುತ್ತಾ ನನ್ನ ಪಕ್ಕ ಕೂರುತ್ತಿದ್ದ. ಜೋರಾಗಿ ಓಡಿಸಿದರೆ ಮುಳ್ಳು ಬಲಕ್ಕೆ ಬರಬೇಕು, ಡೈನಮೊ ತುಂಬುತ್ತಿದೆ ಅಂತ. ನಿಧಾನ ಮಾಡಿದರೆ ಎಡಕ್ಕೆ ವಾಲಬೇಕು, ಬ್ಯಾಟರಿ ಕೊಡುತ್ತಿದೆ ಅಂತ. ಆ ಹಳ್ಳದವರೆಗೂ ಹೋಗಿ, ಮರಳಿನ ಅಂಚಿನಲ್ಲಿ ಕಾರು ನಿಧಾನ ಮಾಡಿ, ಲೈಟು ಹಾಕಿ, ಹಾರ್ನ್ ಹೊಡೆದು, ಎಂಜಿನ್ ಆರಿಸಿ, ಮತ್ತೆ ಎಬ್ಬಿಸಬೇಕು. ಮುಳ್ಳು ಎಡಕ್ಕೆ ವಾಲುವ ಆ ಒಂದು ಗಳಿಗೆ ಇಬ್ಬರಿಗೂ ಬೆನ್ನು ಬೆವರುತ್ತಿತ್ತು. ಅದೆಷ್ಟು ಸಲ ಹೋದರೂ ಆ ಬೆವರು ತಪ್ಪಲಿಲ್ಲ. ನಾವು ತಿರುಗಿ ಬರುವವರೆಗೆ ಸಾಹೇಬರು ಅಂಗಡಿಯಲ್ಲಿ ಕೂರುತ್ತಿರಲಿಲ್ಲ, ರಸ್ತೆಯ ಅಂಚಿನಲ್ಲಿ ಬಿಸಿಲಲ್ಲೇ ನಿಂತಿರುತ್ತಿದ್ದರು. ಇಳಿಯುವ ಮುಂಚೆಯೇ ಕೇಳುತ್ತಿದ್ದರು. “ಅಲ್ಲಿ ನಿಲ್ಲಿಸಿದ್ಯಾ?”

“ನಿಲ್ಲಿಸಿದೆ ಸಾಹೇಬ್ರೆ.”

“ಎದ್ದಿತಾ?”

“ಎದ್ದಿತು.”

ಆಗ ಹೋಗಿ ಕೂತು ನೀರು ಕುಡಿಯುತ್ತಿದ್ದರು. ಗಿರಾಕಿಗಳು ಮೆಲ್ಲಗೆ ಮರಳಿದರು. ಇಬ್ಬರೂ ಮತ್ತೆ ಒಂದೇ ಶೆಡ್ಡಿನಲ್ಲಿ ಕೂತರು.

ಎಷ್ಟೋ ಕಾಲದ ಮೇಲೆ, ಒಂದು ಸಂಜೆ ಟೀ ಅಂಗಡಿಯಲ್ಲಿ, ಮನಸ್ಸು ತಡೆಯದೆ ಕೇಳಿಬಿಟ್ಟೆ. “ಅವತ್ತು ನೀವು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗ್ತಾ ಇರಲಿಲ್ಲವಲ್ಲ ಸಾಹೇಬ್ರೆ?”

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಟೀ ಗ್ಲಾಸನ್ನು ಅಂಗೈಯಲ್ಲಿ ತಿರುಗಿಸುತ್ತಾ ಕೂತರು.

“ಮೀಟರು ಮೇಲೆ ಬಂತಲ್ಲ ಕಣೋ, ಜನ ಅವನನ್ನ ಎಳ್ಕೊಂಡು ಬಂದ್ರಲ್ಲ... ಆಗ ನಂಗೆ ಖುಷಿ ಆಯ್ತು. ಒಂದು ಗಳಿಗೆ. ಒಂದು ಹೆಣ್ಣುಮಗಳು ಸತ್ತಿದ್ದಾಳೆ, ನಂಗೆ ಖುಷಿ ಆಗ್ತಾ ಇದೆ. ಎದುರುಗಡೆಯವನು ಸಿಕ್ಕಿಬಿದ್ದ ಅಂತ.” ಗ್ಲಾಸು ಕೆಳಗಿಟ್ಟು ಅಂದರು: “ಜನಕ್ಕೆ ನಾನು ಹೆದರಲಿಲ್ಲ. ಆ ಖುಷಿಗೆ ಹೆದರಿಬಿಟ್ಟೆ.”

ಪಾವಗಡದವನಿಗೆ ನಾನು ಈ ಮಾತನ್ನು ಎಂದೂ ಹೇಳಲಿಲ್ಲ. ಹೇಳುವ ಅಗತ್ಯವಿತ್ತೆಂದು ಈಗಲೂ ಅನ್ನಿಸುವುದಿಲ್ಲ.

ಮುಂದೆ ಡೈನಮೊಗಳು ಹೋದವು. ನಿಧಾನವಾಗಿ ಓಡಿದರೂ ಕರೆಂಟು ಕೊಡುವ ಆಲ್ಟರ್ನೇಟರು ಬಂತು. ಬಿಚ್ಚಲಾಗದಂತೆ ಮುಚ್ಚಿದ ಬ್ಯಾಟರಿಗಳು ಬಂದವು. ಪಾವಗಡದವನು ತನ್ನ ಊರಿಗೆ ಹೋಗಿ ಬೋರ್‌ವೆಲ್ ಮೋಟರು ಸುತ್ತುವ ಕೆಲಸ ಹಿಡಿದ. ನಾನು ಕಾರು ಮಾರಿ ಹೆಂಡತಿಯ ಊರಾದ ಮಧುಗಿರಿಗೆ ಬಂದೆ. ಸಾಹೇಬರು ತೀರಿಕೊಂಡ ಸುದ್ದಿ ನಮ್ಮಿಬ್ಬರಿಗೂ ಮುಟ್ಟಿದ್ದು ಎಲ್ಲ ಮುಗಿದ ಮೇಲೆ, ಯಾರೋ ಲಾರಿ ಡ್ರೈವರನ ಬಾಯಿಂದ.

ಡಾಂಬರಿನ ವಾಸನೆ ಬಂದ ದಿನವೇ ಪಾವಗಡಕ್ಕೆ ಫೋನು ಮಾಡಿದೆ. ಅವನಿಗೆ ಈಗ ಕಿವಿ ಮಂದ. ಕೂಗಿ ಕೂಗಿ ಹೇಳಬೇಕಾಯಿತು. ಮೊನ್ನೆ ಇಬ್ಬರೂ ಶಿರಾದಲ್ಲಿ ಬಸ್ಸಿಳಿದೆವು. ಹೆದ್ದಾರಿ ಅಗಲವಾಗಿ, ಅಂಗಡಿಗಳಿದ್ದ ಸಾಲಿನ ಜಾಗದಲ್ಲಿ ಈಗ ಸೇತುವೆಯ ಕಂಬಗಳು ನಿಂತಿವೆ. ಕೇಳಿಕೊಂಡು ಅವರ ಗಲ್ಲಿಗೆ ಹೋದೆವು. ಆ ಮನೆಯಲ್ಲಿ ಬ್ಯಾಟರಿ ಸಾಹೇಬರು ಅಂದರೆ ಯಾರೆಂದು ತಿಳಿಯದವರಿದ್ದರು. ಮಗಳು ಗಂಡನ ಮನೆಯವರ ಜೊತೆ ಊರು ಬಿಟ್ಟು ಯಾವುದೋ ಕಾಲವಾಗಿತ್ತು.

ಖಬರಸ್ತಾನಕ್ಕೆ ಹೋದೆವು. ನೋಡಿಕೊಳ್ಳುವವನು ಹೊಸಬ, ಒಳ್ಳೆಯ ಹುಡುಗ. ಹೆಸರು ಹೇಳಿದೆವು. ಯೋಚಿಸಿ, ಗೊತ್ತಿಲ್ಲವೆಂದು ತಲೆಯಾಡಿಸಿದ. ಕಲ್ಲು ನಿಲ್ಲಿಸಿದ್ದರೆ ಹುಡುಕಬಹುದು ಅಂದ. ಕಲ್ಲಿಲ್ಲದ ಮಣ್ಣಿನ ದಿಬ್ಬಗಳೇ ಅಲ್ಲಿ ಹೆಚ್ಚು. ಕೆಲವು ನೆಲಕ್ಕೆ ಸಮವಾಗಿ, ಮೇಲೆ ಹುಲ್ಲು ಬೆಳೆದು ಒಣಗಿತ್ತು. ಪಾವಗಡದವನು ಕೈಯಲ್ಲಿ ಮಲ್ಲಿಗೆ ಹೂವಿನ ಪೊಟ್ಟಣ ಹಿಡಿದುಕೊಂಡು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ನಡೆದಾಡಿದ.

“ಯಾವುದಿರಬೌದು ಅಣ್ಣಾ?” ಅಂದ.

“ಗೊತ್ತಿಲ್ಲ” ಅಂದೆ.

ಬೇವಿನ ಮರದ ಕೆಳಗೆ ಇಬ್ಬರೂ ಬಹಳ ಹೊತ್ತು ನಿಂತಿದ್ದೆವು. ಯಾವುದೋ ಒಂದು ದಿಬ್ಬದ ಕೆಳಗೆ ಅವರಿದ್ದರು. ಯಾವುದೆಂದು ಹೇಳಬಲ್ಲವರು ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ.